ಬ್ರೇಕಿಗೆ ಸಿಕ್ಕಿದ ಕಾಯಿಹೋಳು

ನಮ್ಮ ಪಕ್ಕದ ಮನೆಯ ಕೃಷ್ಣಪ್ರಸಾದರಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಏನಾದರೂ ಇದ್ದರೆ, ಹಾಗೊಂದು ಇದೆ ಅನ್ನುವುದು ಅವರಿಗೆ ಇನ್ನೂ ಗೊತ್ತಾಗಿಲ್ಲ. ಹಾಗಂತ ಕೆಟ್ಟವರೇನಲ್ಲ. ನಮ್ಮ ಮನೆಯ ಹೀಟರ್ ಕೈಕೊಟ್ಟಾಗ ಮೊದಲು ಓಡಿ ಬಂದವರು ಅವರೇ. ಅದನ್ನು ಬಿಚ್ಚಿ ಪೂರ್ತಿ ಕೆಡಿಸಿ, ರಿಪೇರಿಯವನು ಬರುವ ತನಕ ನಮ್ಮನ್ನೆಲ್ಲ ತಮ್ಮ ಮನೆಯಲ್ಲಿ ಕೂರಿಸಿಕೊಂಡು, ಹೊತ್ತುಹೊತ್ತಿಗೆ ಬಿಸಿ ಉಪ್ಪಿಟ್ಟು, ಕಾಫಿ ಕೊಟ್ಟು ನೋಡಿಕೊಂಡವರೂ ಅವರೇ. ಇಂಥವರ ಮೇಲೆ ಎಷ್ಟು ಹೊತ್ತು ಅಂತ ಸಿಟ್ಟು ಇಟ್ಟುಕೊಳ್ಳುವುದು? ನಾನು ಸಿಟ್ಟಿನವಳೇ. ಆದರೂ ಮಧ್ಯಾಹ್ನದ ಹೊತ್ತಿಗೆ ಇಳಿದುಹೋಗುತ್ತದೆ.

ಅವರ ಪಾಂಡಿತ್ಯಗಳಲ್ಲಿ ಹಿರಿಯದು ಬ್ರೇಕಿನದು. ಮೈಸೂರಿನಲ್ಲಿ ಅವರ ಸೋದರಮಾವನ ಬಳಿ ಒಂದು ಹಳೇ ಅಂಬಾಸಿಡರ್ ಇತ್ತಂತೆ. ಚಾಮುಂಡಿ ಬೆಟ್ಟ ಹತ್ತಿ ಇಳಿಯುತ್ತ ಅವರು ಕಾರು ಕಲಿತದ್ದು ಅದರಲ್ಲೇ. ಆ ಕಾರಿನ ಬ್ರೇಕನ್ನು ಒಂದು ಸಲ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಸ್ಟವ್ವಿಗೆ ಪಂಪು ಹೊಡೆದ ಹಾಗೆ ಹೊಡೆದರೆ ಮುಂದಿನ ತಿರುವಿನ ಹತ್ತಿರ ಹೇಗೋ ನಿಲ್ಲುತ್ತಿತ್ತು. ಬ್ರೇಕು ಕೆಟ್ಟಿದೆ ಅನ್ನುವುದು ಮಾವನಿಗೆ ಗೊತ್ತಿತ್ತು, ಬೀದಿಗೆ ಗೊತ್ತಿತ್ತು. ಕೃಷ್ಣಪ್ರಸಾದರು ಮಾತ್ರ ಅದನ್ನೊಂದು ವಿದ್ಯೆ ಎಂದುಕೊಂಡು ಅಮೆರಿಕದವರೆಗೂ ಜತನವಾಗಿ ಹೊತ್ತು ತಂದರು.

ಸ್ನೋ ವಿಷಯದಲ್ಲೂ ಹೀಗೇ. ಇಲ್ಲಿಗೆ, ಅಂದರೆ ಮೇರಿಲ್ಯಾಂಡಿನ ಕ್ಲಾರ್ಕ್ಸ್‌ಬರ್ಗ್‌ಗೆ ಬರುವ ಮುಂಚೆ ಅವರು ಷಾರ್ಲೆಟ್‌ನಲ್ಲಿದ್ದರು. ಅಲ್ಲಿ ಸ್ನೋ ಬೀಳುವುದೇ ಅಪರೂಪ. ಬೆರಳು ಮುಳುಗುವಷ್ಟು ಬಿದ್ದರೂ ಊರಿಗೆ ಊರೇ ಬ್ರೆಡ್ಡು ಹಾಲು ತಂದಿಟ್ಟುಕೊಂಡು ಬಾಗಿಲು ಹಾಕಿಕೊಳ್ಳುತ್ತದೆ. ಅಂಥ ದಿನಗಳಲ್ಲಿ ಕಿಟಕಿ ಪಕ್ಕ ಕೂತು, ಜಾರುತ್ತಿದ್ದ ಕಾರುಗಳನ್ನು ನೋಡಿ ನೋಡಿ ಅವರು ಸ್ನೋ ಡ್ರೈವಿಂಗ್ ಕಲಿತದ್ದು. ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಚಳಿಗಾಲದ ಮೊದಲ ದಿನವೇ ಅವರದೊಂದು ಮೆಸೇಜು ಬಂತು. "ಸ್ನೋನಲ್ಲಿ ಯಾರೂ ಹೆದರಬೇಡಿ. ಬ್ರೇಕ್ ಪಂಪ್ ಮಾಡಿ. ಡೌಟ್ ಇದ್ದರೆ ನನಗೆ ಕಾಲ್ ಮಾಡಿ." ಯಾರೂ ಕಾಲ್ ಮಾಡಲಿಲ್ಲ. ಅದು ಅವರಿಗೆ ಸ್ವಲ್ಪ ಬೇಜಾರಾಯಿತು.

ಅವರ ಹೆಂಡತಿ ವರಲಕ್ಷ್ಮಿ ನನ್ನ ಗೆಳತಿ. ಮೈಸೂರಿನಲ್ಲಿ ಮೈಕ್ರೋಬಯಾಲಜಿ ಓದಿ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದವಳು. ಇಲ್ಲಿಗೆ ಬಂದಮೇಲೆ ವೀಸಾ ಕೆಲಸಕ್ಕೆ ಬಿಡಲಿಲ್ಲ. ವರ್ಷಗಟ್ಟಲೆ ಕಾದು ಕೊನೆಗೆ ವರ್ಕ್ ಪರ್ಮಿಟ್ ಕೈಗೆ ಬಂದಾಗ ಅವಳು ಅದನ್ನು ದೇವರ ಮುಂದಿಟ್ಟು ದೀಪ ಹಚ್ಚಿದ್ದಳು. ಆಮೇಲೆ ಜರ್ಮನ್‌ಟೌನ್‌ನ ಒಂದು ಲ್ಯಾಬಿನಲ್ಲಿ ಕೆಲಸವೂ ಸಿಕ್ಕಿತು. ರಕ್ತಪರೀಕ್ಷೆ ಸ್ನೋ ಬಿತ್ತೆಂದು ನಿಲ್ಲುವಂಥದ್ದಲ್ಲ. ಇಂಟರ್‌ವ್ಯೂನಲ್ಲಿ ಮ್ಯಾನೇಜರಮ್ಮ ಎಲ್ಲ ಕೇಳಿ ಮುಗಿಸಿ ಕೊನೆಗೆ ಒಂದು ಮಾತು ಕೇಳಿದ್ದಳಂತೆ: "ಸ್ನೋ ಬಿದ್ದ ದಿನ ಯಾರನ್ನೂ ಕಾಯದೆ ನೀವೇ ಡ್ರೈವ್ ಮಾಡಿಕೊಂಡು ಬರುತ್ತೀರಾ?" ಹಿಂದೆ ಇದ್ದಾಕೆ ಬಾರದೆ ಬಾರದೆ ಕೆಲಸ ಕಳೆದುಕೊಂಡಿದ್ದಳಂತೆ. ವರಲಕ್ಷ್ಮಿ "ಬರ್ತೀನಿ" ಅಂದುಬಿಟ್ಟಿದ್ದಳು. ಡ್ರೈವಿಂಗ್ ಸ್ಕೂಲಿಗೆ ಹೋಗಿ ಲೈಸೆನ್ಸ್ ತಗೊಂಡಾಗಿತ್ತು. ಅವಳಿಗೆಂದೇ ಒಂದು ಬೆಳ್ಳಿ ಬಣ್ಣದ ಯೂಸ್ಡ್ ಕಾರೂ ಬಂತು. ಇಷ್ಟವಾಗದಿದ್ದರೆ ಹತ್ತು ದಿನದೊಳಗೆ ವಾಪಸ್ ಕೊಡಬಹುದು ಅನ್ನುವ ಕಂಡಿಷನ್ ಇತ್ತು.

ಇನ್ನು ಕಾರಿನ ಪೂಜೆ ಆಗಬೇಕಲ್ಲ. ಭಾನುವಾರ ಲ್ಯಾನ್‌ಹ್ಯಾಮ್‌ನ ದೇವಸ್ಥಾನಕ್ಕೆ ಹೊರಟೆವು. ಅವರಿಬ್ಬರು, ಮಗಳು ಶ್ರಾವಣಿ, ಜೊತೆಗೆ ನಾನು. ಅರ್ಚಕರು ಬಾನೆಟ್ಟಿಗೆ ಕುಂಕುಮ ಇಟ್ಟು, ಮಂಗಳಾರತಿ ಎತ್ತಿ, ಕಾರಿನ ಮುಂದೆ ಕಾಯಿ ಒಡೆದರು. ಒಂದು ಹೋಳು ತಟ್ಟೆಗೆ ಬಂತು. ಇನ್ನೊಂದು ಉರುಳಿಕೊಂಡು ಕಾರಿನ ಕೆಳಗೆಲ್ಲೋ ಹೋಯಿತು. ಕೃಷ್ಣಪ್ರಸಾದರಿಗೆ ಆಗಲೇ ಷಾರ್ಲೆಟ್‌ನಿಂದ ಅವರ ಫ್ರೆಂಡ್ ಗುರುದತ್ತರ ಫೋನು. ಮಾತಾಡಿ ಮುಗಿಸಿ ಬಂದು ಬಗ್ಗಿ ನೋಡಿದರು. ಹೋಳು ಇರಲಿಲ್ಲ.

"ಇನ್ನೊಂದು ಹೋಳೆಲ್ಲಿ?" ಎಂದರು.

"ಹೊರಡೋಣ ರೀ, ಸ್ನೋ ಶುರುವಾಗೋ ಹಾಗಿದೆ," ಎಂದಳು ವರಲಕ್ಷ್ಮಿ.

ಪೂಜೆ ಆದ ಗಾಡಿಯನ್ನು ಮೊದಲು ತಾವೇ ಓಡಿಸಬೇಕು ಎಂದು ಕೃಷ್ಣಪ್ರಸಾದರೇ ಸ್ಟೀರಿಂಗ್ ಹಿಡಿದರು. ಯಾವ ಶಾಸ್ತ್ರದಲ್ಲಿದೆಯೋ ನಾ ಕಾಣೆ. ದಾರಿಯಲ್ಲೇ ಸ್ನೋ ಶುರುವಾಯಿತು. ನಮ್ಮ ಕಮ್ಯೂನಿಟಿಗೆ ಬರುವ ಹೊತ್ತಿಗೆ ರಸ್ತೆ ಬೆಳ್ಳಗಾಗಿತ್ತು. ನಮ್ಮ ಬೀದಿಯ ತುದಿಯಲ್ಲಿ ಒಂದು ಸ್ಟಾಪ್ ಸೈನ್ ಇದೆ, ಸ್ವಲ್ಪ ಇಳಿಜಾರು. ಅಲ್ಲಿ ಅವರು ಬ್ರೇಕ್ ಒತ್ತಿದರು. ಕಾರಿನ ಹೊಟ್ಟೆಯೊಳಗಿಂದ ಗಡಗಡಗಡ ಎಂದು ಸದ್ದು ಬಂತು. ಪೆಡಲ್ಲು ಅವರ ಬೂಟಿನ ಕೆಳಗೆ ಒದ್ದಾಡಿದ್ದು ಹಿಂದೆ ಕೂತಿದ್ದ ನನಗೂ ತಿಳಿಯಿತು. ಬಿಸಿ ತವಾ ತುಳಿದವರ ಹಾಗೆ ಅವರು ಕಾಲು ಎತ್ತಿಬಿಟ್ಟರು. ಕಾರು ಸ್ಟಾಪ್ ಸೈನನ್ನು ದಾಟಿ, ಯಾವ ಗಡಿಬಿಡಿಯೂ ಇಲ್ಲದೆ ನಿಧಾನವಾಗಿ ಜಾರುತ್ತ ಹೋಗಿ, ವಜೀರ್ ಅವರ ಮನೆ ಮುಂದಿದ್ದ ಕಸದ ಡಬ್ಬಕ್ಕೆ ತಾಗಿ ನಿಂತಿತು. ಡಬ್ಬ ಬಿತ್ತು.

ವಜೀರ್ ನಮ್ಮ ಆಚೆ ಪಕ್ಕದ ಮನೆಯವರು. ಮೈಸೂರಿನ ಮಂಡಿ ಮೊಹಲ್ಲಾದವರು, ಬ್ಯಾಂಕಿನ ಸಾಫ್ಟ್‌ವೇರ್ ಕೆಲಸ. ಅವರೂ ಅವರ ತಾಯಿ ಫಖ್ರುನ್ನೀಸಾ ಆಂಟಿಯೂ ಹೊರಗೆ ಬಂದರು.

"ಏನಾಯ್ತು ಗುರು?" ಎಂದರು ವಜೀರ್.

ಕೃಷ್ಣಪ್ರಸಾದರು ಆಗಲೇ ಸ್ನೋ ಮೇಲೆ ಅಂಗಾತ ಮಲಗಿ ಕಾರಿನ ಕೆಳಗೆ ತಲೆ ಹಾಕಿದ್ದರು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಗಂಭೀರವಾದ ಧ್ವನಿ ಬಂತು.

"ಕಾಯಿಹೋಳು. ಪೂಜೆ ಮಾಡಿಸಿದ್ವಲ್ಲ, ಅದರ ಒಂದು ಹೋಳು ಸಿಗಲಿಲ್ಲ. ಬ್ರೇಕಿಗೆ ಸಿಕ್ಕಾಕೊಂಡಿದೆ."

"ಕಾಣುತ್ತಾ?"

"ಕಾಣಲ್ಲ. ಅಷ್ಟು ಒಳಗೆ ಹೋಗಿದೆ."

ವರಲಕ್ಷ್ಮಿ ಕಾರಿನಿಂದಿಳಿದು ಸಮಾಧಾನವಾಗಿ ಹೇಳಿದಳು. "ರೀ, ಅದು ಎಬಿಎಸ್. ಸ್ನೋನಲ್ಲಿ ಚಕ್ರ ಲಾಕ್ ಆಗಿ ಜಾರಬಾರ್ದು ಅಂತ ಗಾಡೀನೇ ಬ್ರೇಕನ್ನ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡುತ್ತೆ. ಅದಕ್ಕೇ ನಡುಗೋದು. ನಡುಗಿದ್ರೆ ಕಾಲು ಎತ್ತಬಾರ್ದು, ಒತ್ತಿ ಹಿಡ್ಕೋಬೇಕು ಅಂತ ನಮ್ಮ ಡ್ರೈವಿಂಗ್ ಸ್ಕೂಲಲ್ಲಿ ಹೇಳಿಕೊಟ್ಟಿದ್ರು."

ಕೃಷ್ಣಪ್ರಸಾದರು ಕಾರಿನ ಕೆಳಗಿನಿಂದ ಮುಖ ಹೊರಗೆ ಹಾಕಿದರು. "ಗಾಡಿ ತಾನೇ ಪಂಪ್ ಮಾಡುತ್ತಾ? ಹಾಗಾದ್ರೆ ನಾನ್ಯಾಕಿರೋದು?"

ವರಲಕ್ಷ್ಮಿ ಬಿದ್ದ ಕಸದ ಡಬ್ಬವನ್ನು ಎತ್ತಿ ನಿಲ್ಲಿಸಿದಳು.

ಸಂಜೆ ಅವರ ಮನೆಯಲ್ಲೇ ಎಲ್ಲರಿಗೂ ದೋಸೆ. ಕೃಷ್ಣಪ್ರಸಾದರು ಚಟ್ನಿಯನ್ನು ಎರಡೆರಡು ಸಲ ಹಾಕಿಸಿಕೊಳ್ಳುತ್ತ ಗುರುದತ್ತರಿಗೆ ವಿಡಿಯೋ ಕಾಲ್ ಮಾಡಿ ಎಲ್ಲ ವಿವರಿಸಿದರು. ಷಾರ್ಲೆಟ್‌ನ ಗುರುದತ್ತರೂ ಕಿಟಕಿ ಪಕ್ಕ ಕೂತು ಸ್ನೋ ಕಲಿತವರೇ. ಅವರು ಕಣ್ಣು ಮುಚ್ಚಿ ಎಲ್ಲ ಕೇಳಿ, "ಬ್ರೇಕೇ ಹೋಗಿದ್ರೆ ಸುಮ್ನೆ ಗಾಡಿ ವಾಪಸ್ ಕೊಟ್ಬಿಡು ಮಾರಾಯ. ಚಳಿಗಾಲ ಮುಗಿದು ಸ್ಪ್ರಿಂಗ್ ಬಂದ್ಮೇಲೆ ಬೇರೆ ತಗೊಂಡ್ರಾಯ್ತು," ಎಂದರು. ದೋಸೆ ಹುಯ್ಯುತ್ತಿದ್ದ ವರಲಕ್ಷ್ಮಿಯ ಸೌಟು ತವಾದ ಮೇಲೆ ನಿಂತಿತು. ಮುಂದಿನ ಸೋಮವಾರ ಅವಳು ಕೆಲಸಕ್ಕೆ ಸೇರಬೇಕು. ಸ್ಪ್ರಿಂಗ್ ಬರುವ ತನಕ ಯಾವ ಲ್ಯಾಬೂ ಯಾರನ್ನೂ ಕಾಯುವುದಿಲ್ಲ.

"ಬ್ರೇಕ್ ಹೋಗಿಲ್ಲ ಗುರುದತ್. ಬ್ರೇಕ್ ಚೆನ್ನಾಗೇ ಇದೆ. ಕಾಯಿ ಸಿಕ್ಕಿದೆ ಅಷ್ಟೇ," ಎಂದರು ಕೃಷ್ಣಪ್ರಸಾದರು.

"ಹೌದು, ಕಾಯೇ ಸಿಕ್ಕಿರೋದು," ಎಂದಳು ವರಲಕ್ಷ್ಮಿ ತಟ್ಟನೆ. ನನಗೆ ಆಶ್ಚರ್ಯವಾಯಿತು. ಮಧ್ಯಾಹ್ನವಷ್ಟೇ ಎಬಿಎಸ್ ಎಂದು ಪಾಠ ಹೇಳಿದವಳು ಇವಳೇ. ನಾನು ಅವಳ ಮುಖ ನೋಡಿದೆ. ಅವಳು ದೋಸೆ ಮಗುಚಿದಳು.

ಮರುದಿನ ಕೃಷ್ಣಪ್ರಸಾದರು ಗ್ಯಾರೇಜಿಗೆ ಫೋನ್ ಹಚ್ಚಿದರು. ಅಲ್ಲಿಯ ಹುಡುಗಿಗೆ ಸಮಸ್ಯೆಯನ್ನು ಬುಡದಿಂದ ಹೇಳಿದರು. ಹೊಸ ಕಾರು ತಂದರೆ ದೇವರಿಗೆ ತೋರಿಸುವುದು, ಮುಂದೆ ತೆಂಗಿನಕಾಯಿ ಒಡೆಯುವುದು, ಅದರ ಅರ್ಧ ಈಗ ಚಕ್ರದೊಳಗೆ ಇರುವುದು. ಹುಡುಗಿ ಅವರನ್ನು ಹೋಲ್ಡಿಗೆ ಹಾಕಿದಳು. ಬಹಳ ಹೊತ್ತು ಸಂಗೀತ ಕೇಳಿಸಿತು. ವಾಪಸ್ ಬಂದು, "ಸರ್, ಪೆಡಲ್ ನಡುಗುವುದು ಸ್ನೋ ಮೇಲೆ ಮಾತ್ರವಾ?" ಎಂದು ಕೇಳಿದಳು.

"ಮೇಡಂ, ಇಲ್ಲಿ ಪ್ರಶ್ನೆ ಸ್ನೋದಲ್ಲ, ಕಾಯಿದು," ಎಂದರು ಇವರು ಇಂಗ್ಲಿಷಿನಲ್ಲಿ, ಸ್ವಲ್ಪ ಕಟುವಾಗಿಯೇ. ಎರಡು ವಾರದ ನಂತರದ ಅಪಾಯಿಂಟ್ಮೆಂಟ್ ಸಿಕ್ಕಿತು.

ವಿಷಯ ವಾಟ್ಸಾಪ್ ಗ್ರೂಪಿಗೆ ಏರಿದ್ದು ಆಮೇಲೆ. ನಮ್ಮವರ ವಿಚಾರ ಗೊತ್ತಲ್ಲ. ಒಬ್ಬರು ಕಾಯಿ ಒಳಗೇ ಕೊಬ್ಬರಿಯಾಗುತ್ತದೆ, ಎಣ್ಣೆ ಬಿಟ್ಟರೆ ಬ್ರೇಕಿಗೆ ಡೇಂಜರ್ ಎಂದರು. ಇನ್ನೊಬ್ಬರು ದೇವರ ಕಾಯಿ, ಕೆಡುಕು ಮಾಡುವುದಿಲ್ಲ, ಅದನ್ನು ಹಾಗೇ ಇಟ್ಟುಕೊಳ್ಳಿ ಎಂದರು. ಫ್ರೆಡರಿಕ್ಕಿನ ಬದರಿನಾಥ ಎನ್ನುವವರು ಕಾಯಿಯ ಜುಟ್ಟು ತೆಗೆಯದೆ ಒಡೆದರೆ ಹೀಗಾಗುತ್ತದೆ ಎಂದು ಉದ್ದದ ವಾಯ್ಸ್ ಮೆಸೇಜ್ ಕಳಿಸಿದರು. ನನ್ನ ಗಂಡ ಶಶಾಂಕ್ ಒಬ್ಬರು ಮಾತ್ರ "ಇಟ್ಸ್ ಎಬಿಎಸ್" ಎಂದು ಹಾಕಿದರು. ಅದಕ್ಕೆ ಯಾರೂ ಒಂದು ಹೆಬ್ಬೆರಳು ಕೂಡ ಎತ್ತಲಿಲ್ಲ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಶುಕ್ರವಾರ ಟೀವಿಯವರು ವಾರಾಂತ್ಯಕ್ಕೆ ದೊಡ್ಡ ಸ್ನೋ ಎಂದರು. ಕೃಷ್ಣಪ್ರಸಾದರು ತಕ್ಷಣ ತೀರ್ಪು ಕೊಟ್ಟರು.

"ವರಾ, ಸೋಮವಾರ ನೀನು ಓಡಿಸೋ ಹಾಗಿಲ್ಲ. ನಾನೇ ಬಿಟ್ಟು ಬರ್ತೀನಿ. ಕಾಯಿ ಸಿಕ್ಕ ಗಾಡೀನ ಪಂಪ್ ಮಾಡಿ ನಿಲ್ಲಿಸೋದು ಎಲ್ಲರ ಕೈಲಾಗಲ್ಲ."

"ನಿಮ್ಮ ಕೈಲಾಗಿದ್ದನ್ನ ನೋಡಿದೀವಲ್ಲ. ವಜೀರಣ್ಣನ ಡಬ್ಬ ಇನ್ನೂ ಸೊಟ್ಟಗಿದೆ," ಎಂದೆ ನಾನು. ತಡೆಯಲಾಗಲಿಲ್ಲ.

"ಅದು ಡಬ್ಬ ಇಟ್ಟಿದ್ದೇ ಸರಿ ಇರಲಿಲ್ಲ, ಸೌಮ್ಯಾ ಅವರೇ."

ವರಲಕ್ಷ್ಮಿ ಮೆಲ್ಲಗೆ, "ನಾನೇ ಡ್ರೈವ್ ಮಾಡ್ಕೊಂಡು ಬರ್ತೀನಿ ಅಂತ ಮಾತು ಕೊಟ್ಟಿದೀನಿ ರೀ," ಎಂದಳು. ಅವಳ ಮುಖ ಸಪ್ಪಗಾಗಿತ್ತು. ಇಷ್ಟು ವರ್ಷ ಕಾದಿದ್ದು ಮೊದಲ ದಿನವೇ ಗಂಡನ ಪಕ್ಕದ ಸೀಟಿನಲ್ಲಿ ಕೂತು, ಕಸದ ಡಬ್ಬಗಳಿಗೆ ಗುದ್ದಿಕೊಂಡು, ಲೇಟಾಗಿ ಹೋಗುವುದಕ್ಕಾ?

ಶನಿವಾರ ಬೆಳಿಗ್ಗೆ ನೋಡಿದರೆ ಬೀದಿಯೆಲ್ಲ ಸ್ನೋ. ಕೃಷ್ಣಪ್ರಸಾದರ ಡ್ರೈವ್‌ವೇಯಲ್ಲಿ ಕಾರು ಜಾಕಿನ ಮೇಲೆ ನಿಂತಿದೆ, ಒಂದು ಚಕ್ರ ಬಿಚ್ಚಿ ಒರಗಿಸಿದೆ. ಕಾರಿನ ಪಕ್ಕದಲ್ಲಿ ಅವರ ಎರಡು ಕಾಲು ಮಾತ್ರ ಹೊರಗಿವೆ. ವಜೀರ್ ಇಕ್ಕಳ ಹಿಡಿದು ನಿಂತಿದ್ದಾರೆ. ಫಖ್ರುನ್ನೀಸಾ ಆಂಟಿ ಶಾಲು ಹೊದ್ದು, ಕುರ್ಚಿ ಹಾಕಿಸಿಕೊಂಡು, ಟಾರ್ಚ್ ಬಿಡುತ್ತಿದ್ದಾರೆ.

"ಎಡಕ್ಕೆ ಬಿಡಿ ಆಂಟಿ."

"ಎಡಕ್ಕೇ ಬಿಟ್ಟಿದೀನಿ ಬೇಟಾ. ನಿನ್ನ ಎಡವೋ ನನ್ನ ಎಡವೋ, ಸರಿಯಾಗಿ ಹೇಳು."

ಅಷ್ಟರಲ್ಲಿ ಗಸ್ತಿನ ಪೊಲೀಸ್ ಕಾರೊಂದು ನಿಧಾನವಾಗಿ ಬಂದು ನಿಂತಿತು. ಎತ್ತರದ ಆಫೀಸರ್ ಇಳಿದು ಎಲ್ಲ ಸರಿಯಿದೆಯೇ ಎಂದು ಕೇಳಿದ. ವಜೀರ್ ಇಕ್ಕಳವನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಏನೂ ತಪ್ಪು ಮಾಡದಿದ್ದರೂ ನಮ್ಮವರು ಹಾಗೇ. ಕಾರಿನ ಬ್ರೇಕಿನಲ್ಲಿ ತೆಂಗಿನಕಾಯಿ ಹುಡುಕುತ್ತಿದ್ದೇವೆ ಎಂದು ಅವರು ವಿವರಿಸಿದರು. ಆಫೀಸರ್ ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡ. ದೇವಸ್ಥಾನ, ಪೂಜೆ, ಕಾಯಿ ಎಲ್ಲ ಕೇಳಿದ ಮೇಲೆ ಆಂಟಿಯ ಕಡೆ ತಿರುಗಿ, "ಮೇಡಂ, ನೀವೂ ಆ ಪೂಜೆಗೆ ಹೋಗಿದ್ದಿರಾ?" ಎಂದ.

ವಜೀರ್ ಅನುವಾದ ಮಾಡಿದರು. "ಇಲ್ಲಪ್ಪ," ಎಂದರು ಆಂಟಿ ಕನ್ನಡದಲ್ಲೇ. "ನಾನು ಬರೀ ಲೈಟ್ ಹಿಡಿಯೋಕೆ ಬಂದಿರೋದು."

ಆಫೀಸರ್ ನಕ್ಕ. ಸ್ನೋ ಮೇಲೆ ಜೋರಾಗಿ ಬ್ರೇಕ್ ಒತ್ತಿದರೆ ನನ್ನ ಕಾರಿನ ಪೆಡಲ್ಲೂ ಹೀಗೇ ನಡುಗುತ್ತದೆ, ಅದಕ್ಕೆ ಚಿಂತೆ ಮಾಡಬೇಡಿ ಎಂದ. ಕಾರಿನ ಕೆಳಗಿನಿಂದ ಚಾಚಿದ್ದ ಎರಡು ಕಾಲುಗಳು ಸ್ತಬ್ಧವಾದವು. ಆಮೇಲೆ ಬಹಳ ಅನುಕಂಪದ ಧ್ವನಿಯೊಂದು ಇಂಗ್ಲಿಷಿನಲ್ಲಿ ಕೇಳಿಬಂತು: "ಆಫೀಸರ್, ನಿಮ್ಮದನ್ನೂ ಒಮ್ಮೆ ಬಿಚ್ಚಿಸಿ ನೋಡಿಸಿಬಿಡಿ."

ಆಫೀಸರ್ ಹೊರಟುಹೋದ. ಬೀದಿ ತುದಿಯ ಸ್ಟಾಪ್ ಸೈನಿನಲ್ಲಿ ಅವನ ಕಾರಿನಿಂದಲೂ ಗಡಗಡ ಕೇಳಿಸಿತು. ಅದು ನೆಟ್ಟಗೆ ನಿಂತಿತು, ತಿರುಗಿತು.

"ಪಾಪ, ಅವರದೂ ಹೋಗಿದೆ," ಎಂದರು ಕೃಷ್ಣಪ್ರಸಾದರು.

ಕಾಯಿ ಸಿಗಲಿಲ್ಲ. ಚಕ್ರ ಹಾಕಿದರು. ಈಗ ಉಳಿದಿದ್ದು ಒಂದೇ ದಾರಿ, ಪ್ರಾತ್ಯಕ್ಷಿಕೆ. ಭಾನುವಾರ ಬೆಳಿಗ್ಗೆ ಕಮ್ಯೂನಿಟಿ ಈಜುಕೊಳದ ಪಾರ್ಕಿಂಗ್ ಲಾಟಿನಲ್ಲಿ ತಾವು ಪಂಪ್ ಮಾಡಿ ಗಾಡಿ ನಿಲ್ಲಿಸಿ ತೋರಿಸುವುದಾಗಿಯೂ, ಆಸಕ್ತರು ಬರಬಹುದೆಂದೂ ಅವರು ಗ್ರೂಪಿನಲ್ಲಿ ಹಾಕಿದರು. ಚಳಿಗಾಲದಲ್ಲಿ ಈಜುಕೊಳಕ್ಕೆ ಯಾರು ಬರುತ್ತಾರೆ? ಲಾಟು ಖಾಲಿ, ಅಚ್ಚ ಬಿಳಿ. ಆಸಕ್ತರು ಮಾತ್ರ ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಬಂದಿದ್ದರು. ಒಬ್ಬರು ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು. ಫಖ್ರುನ್ನೀಸಾ ಆಂಟಿಗೆ ಕುರ್ಚಿಯೂ ಬಂದಿತ್ತು. ಶ್ರಾವಣಿ ಮತ್ತು ಅವಳ ಜೊತೆಯ ಮಕ್ಕಳು ಲಾಟಿನ ತುದಿಯಲ್ಲಿ ಒಂದು ಸ್ನೋಮ್ಯಾನ್ ಕಟ್ಟಿ, ರಾಜ್ಯೋತ್ಸವಕ್ಕೆ ಕೃಷ್ಣಪ್ರಸಾದರು ಕಟ್ಟಿಕೊಳ್ಳುವ ಮೈಸೂರು ಪೇಟವನ್ನು ಅದರ ತಲೆಗೆ ಇಟ್ಟಿದ್ದರು.

"ಅಪ್ಪಾ, ಇದು ನೀನು," ಎಂದಳು ಶ್ರಾವಣಿ. "ಹಿ ಹ್ಯಾಸ್ ಯುವರ್ ಟಮ್ಮಿ."

"ಬಹಳ ಒಳ್ಳೇದಾಯ್ತು. ಇವನ ಮುಂದೆ ತಂದು ನಿಲ್ಲಿಸ್ತೀನಿ, ನೋಡಿ," ಎಂದು ಕೃಷ್ಣಪ್ರಸಾದರು ಕಾರು ಹತ್ತಿದರು.

ಕಾರು ಹೊರಟಿತು. ವೇಗ ಹೆಚ್ಚೇನೂ ಇರಲಿಲ್ಲ, ನಮ್ಮ ಮದುವೆ ಮೆರವಣಿಗೆಗಿಂತ ಸ್ವಲ್ಪ ಜೋರು. ಬ್ರೇಕ್ ಒತ್ತಿದರು, ಗಡಗಡ ಎಂದಿತು, ಕಾಲು ಎತ್ತಿದರು. ಮತ್ತೆ ಒತ್ತಿದರು, ಮತ್ತೆ ಗಡಗಡ, ಮತ್ತೆ ಎತ್ತಿದರು. ಕಿಟಕಿ ಇಳಿಸಿದ್ದರಿಂದ "ಪಂಪ್ ಮಾಡ್ತಿದೀನಿ, ಪಂಪ್ ಮಾಡ್ತಿದೀನಿ" ಎಂಬ ವಿವರಣೆ ನಮಗೆಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ಹಾಗೆ ಪಂಪ್ ಮಾಡುತ್ತಲೇ ಹೋಗಿ ಅವರು ತಮ್ಮನ್ನೇ ಗುದ್ದಿದರು. ಸ್ನೋಮ್ಯಾನಿನ ತಲೆ ಪೇಟದ ಸಮೇತ ಬಾನೆಟ್ಟಿನ ಮೇಲೆ ಬಂದು ಕೂತಿತು. ಅದೂ ಇವರೂ ಗಾಜಿನ ಆಚೆ ಈಚೆ ಒಬ್ಬರನ್ನೊಬ್ಬರು ನೋಡುತ್ತ ಸ್ವಲ್ಪ ಹೊತ್ತು ಇದ್ದರು.

ಫ್ಲಾಸ್ಕಿನವರು ಒಂದು ಲೋಟ ಕಾಫಿ ಬಗ್ಗಿಸಿ ವಜೀರ್‌ಗೆ ಕೊಟ್ಟರು.

ಕೃಷ್ಣಪ್ರಸಾದರು ಇಳಿದು ಬಂದರು. "ನೋಡಿದ್ರಲ್ಲ. ನನ್ನ ಕೈಲೇ ನಿಲ್ಲಲಿಲ್ಲ ಅಂದ್ರೆ ಕಾಯಿ ಎಷ್ಟು ಗಟ್ಟಿಯಾಗಿ ಕೂತಿರಬೇಕು. ಈ ಗಾಡೀನ ವರಾಗೆ ಹೇಗೆ ಕೊಡ್ಲಿ ಹೇಳಿ."

ಆ ಕೊನೆಯ ಮಾತು ಹೇಳುವಾಗ ಅವರ ಧ್ವನಿ ಸ್ವಲ್ಪ ನಡುಗಿತು. ಅಲ್ಲಿಯ ತನಕ ನನಗೆ ಅವರ ಮೇಲೆ ಇದ್ದದ್ದು ಬರೀ ಸಿಟ್ಟು. ಹೆದರಿದ್ದಾರೆ ಈ ಮನುಷ್ಯ ಅನ್ನುವುದು ಆಗ ಹೊಳೆಯಿತು. ಹೆಂಡತಿ ಒಬ್ಬಳೇ ಸ್ನೋನಲ್ಲಿ ಹೋಗಿ ಎಲ್ಲಾದರೂ ಜಾರಿದರೆ ಎಂದು ವಾರದಿಂದ ಅವರ ಜೀವ ಕೈಯಲ್ಲಿದೆ. ಅದನ್ನು ಬಾಯಿಬಿಟ್ಟು ಹೇಳಲಾರದೆ ಕಾಯಿಯ ಮೇಲೆ ಹಾಕಿದ್ದಾರೆ.

ವರಲಕ್ಷ್ಮಿ ಕೈ ಚಾಚಿದಳು. "ಕೀ ಕೊಡಿ."

"ವರಾ, ಬೇಡ ಕಣೇ."

"ನೀವೂ ಪಕ್ಕದಲ್ಲಿ ಕೂತ್ಕೊಳ್ಳಿ. ಬನ್ನಿ."

ಕೂತರು. ನಾನು ಹಿಂದೆ ಹತ್ತಿದೆ. ಇನ್ನೊಂದು ಬಾಗಿಲು ತೆಗೆದು ಫಖ್ರುನ್ನೀಸಾ ಆಂಟಿಯೂ ಬಂದು ಕೂತರು.

"ನೀವ್ಯಾಕಮ್ಮೀ?" ಎಂದು ವಜೀರ್ ಹೊರಗಿನಿಂದ ಗಾಬರಿಯಾದರು.

"ಹುಡುಗಿ ಕೆಲಸಕ್ಕೆ ಹೋಗೋ ಗಾಡಿ ಕಣೋ. ಭಾರ ಇದ್ರೆ ಚೆನ್ನಾಗಿ ನಿಲ್ಲುತ್ತೆ," ಎಂದು ಆಂಟಿ ಬೆಲ್ಟ್ ಹಾಕಿಕೊಂಡರು. ನಾವು ಹಿಂದೆ ಕೂತಿದ್ದರಿಂದ ಏನು ಉಪಯೋಗವಾಯಿತೋ ಗೊತ್ತಿಲ್ಲ, ಕಾರು ಸ್ವಲ್ಪ ತಗ್ಗಿತು.

ವಜೀರ್ ದೂರದಲ್ಲಿ ಒಂದು ಸ್ನೋ ಸಲಿಕೆ ನೆಟ್ಟು ಪಕ್ಕಕ್ಕೆ ಸರಿದರು. ಅದರ ಮುಂದೆ ನಿಲ್ಲಿಸಬೇಕು. ವರಲಕ್ಷ್ಮಿ ಗಂಡ ಹೋದಷ್ಟೇ ವೇಗದಲ್ಲಿ ಹೋದಳು. ಒತ್ತಿದಳು. ಗಡಗಡಗಡ. ಕಾರಿನ ಹೊಟ್ಟೆಯೆಲ್ಲ ನಡುಗಿತು. ಕೃಷ್ಣಪ್ರಸಾದರು ಸೀಟಿನಿಂದ ಅರ್ಧ ಎದ್ದರು.

"ಬಿಡು ವರಾ, ಬಿಡು. ಎತ್ತು ಕಾಲು. ಪಂಪ್ ಮಾಡು."

ಹನ್ನೊಂದು ವರ್ಷದ ಸಂಸಾರದಲ್ಲಿ ವರಲಕ್ಷ್ಮಿ ಗಂಡ ಹೇಳಿದ್ದನ್ನು ನಯವಾಗಿ ಕೇಳಿಸಿಕೊಂಡು ತನಗೆ ಸರಿ ಕಂಡಿದ್ದನ್ನು ಮಾಡುತ್ತ ಬಂದವಳು. ಆ ಅಭ್ಯಾಸ ಈಗ ಕೈಹಿಡಿಯಿತು. ಅವಳು "ಹೂಂ ರೀ" ಎಂದಳು, ಕಾಲು ಎತ್ತಲಿಲ್ಲ. ಪೆಡಲ್ಲು ಒದ್ದಾಡಿತು, ಅವಳು ಒತ್ತಿಯೇ ಹಿಡಿದಳು. ಕಾರು ಒಂದಿಷ್ಟೂ ಅತ್ತಿತ್ತ ಆಗದೆ ಸಲಿಕೆಗೆ ಇನ್ನೂ ಒಂದು ಕಾರಿನಷ್ಟು ದೂರವಿರುವಾಗಲೇ ನಿಂತುಬಿಟ್ಟಿತು.

"ಮಾಶಾ ಅಲ್ಲಾಹ್," ಎಂದರು ಆಂಟಿ.

ಕೃಷ್ಣಪ್ರಸಾದರು ಎರಡೂ ಕೈಯಿಂದ ಡ್ಯಾಶ್‌ಬೋರ್ಡ್ ಹಿಡಿದು ಸಲಿಕೆಯನ್ನೇ ನೋಡುತ್ತಿದ್ದರು. ಆಮೇಲೆ ಹೆಂಡತಿಯ ಕಾಲನ್ನು ನೋಡಿದರು. ಅದು ಇನ್ನೂ ಪೆಡಲ್ಲಿನ ಮೇಲೇ ಇತ್ತು. ಇಳಿದು ಹೋಗಿ ಮುಂದಿನ ಚಕ್ರದ ಹತ್ತಿರ ಬಗ್ಗಿದರು. ಸ್ನೋಮ್ಯಾನಿನ ಪುಡಿ ಕೊಡವಿದರು. ನಾವೆಲ್ಲ ಕಾದೆವು. ಸೋತೆ ಎನ್ನುತ್ತಾರೇನೋ ಎಂದುಕೊಂಡಿದ್ದೆ ನಾನು. ಅವರು ಎದ್ದು ನಿಂತು ಕೈ ಒರೆಸಿಕೊಂಡು ಹೇಳಿದರು:

"ಕಾಯಿ ಬಿತ್ತು. ನಾನು ಗುದ್ದಿದ್ದಕ್ಕೆ ಸಡಿಲ ಆಗಿತ್ತು, ಈಗ ಪೂರ್ತಿ ಕಳಚಿಕೊಂಡಿದೆ. ಇನ್ನು ಭಯ ಇಲ್ಲ. ವರಾ, ನಾಳೆ ನೀನೇ ಓಡಿಸು."

ಹಾಗಾದರೆ ಬಿದ್ದ ಕಾಯಿ ಎಲ್ಲಿ ಎಂದು ಯಾರೋ ಕೇಳಿದರು. ಇಡೀ ಸಭೆ ಸ್ನೋ ಕೆದಕುತ್ತ ಹುಡುಕಲು ಹೊರಟಿತು. ಆಂಟಿ ಊರುಗೋಲಿನಲ್ಲಿ ಅಲ್ಲಲ್ಲಿ ಚುಚ್ಚಿ ನೋಡುತ್ತಿದ್ದರು. ಶ್ರಾವಣಿಗೆ ಈಸ್ಟರ್ ಮೊಟ್ಟೆ ಹುಡುಕಿದಷ್ಟು ಖುಷಿ. ಬದರಿನಾಥರು ಫ್ರೆಡರಿಕ್ಕಿನಿಂದಲೇ ಫೋನಿನಲ್ಲಿ, ಯಾವ ದಿಕ್ಕಿನಲ್ಲಿ ಹುಡುಕಬೇಕು ಎಂದು ಹೇಳುತ್ತಿದ್ದರು.

ಕಾರಿನಲ್ಲಿ ನಾವಿಬ್ಬರೇ ಉಳಿದಿದ್ದೆವು. ವರಲಕ್ಷ್ಮಿ ಕನ್ನಡಿಯಲ್ಲಿ ನನ್ನನ್ನು ನೋಡಿದಳು.

"ಆ ಹೋಳು ದೇವಸ್ಥಾನದಲ್ಲೇ ಎತ್ತಿ ಬ್ಯಾಗಿಗೆ ಹಾಕಿದ್ದೆ ಕಣೆ. ಇವರು ಫೋನಲ್ಲಿದ್ರು. ಸ್ನೋ ಬರೋ ಗಡಿಬಿಡಿಲಿ ಮರೆತೇಬಿಟ್ಟೆ, ಮನೆಗೆ ಬಂದ್ಮೇಲೇ ನೆನಪಾಯ್ತು. ಆವತ್ತು ಸಂಜೆ ಚಟ್ನಿ ಅದೇ."

ನಾನು ಮುಂದಿನ ಸೀಟಿನ ಕಡೆ ಬಗ್ಗಿದೆ. "ಎರಡೆರಡು ಸಲ ಹಾಕಿಸ್ಕೊಂಡ್ರಲ್ಲೇ."

"ಹೂಂ. ಹೇಳೋಣ ಅಂತಲೇ ಇದ್ದೆ. ಅಷ್ಟರಲ್ಲಿ ಗುರುದತ್, ಬ್ರೇಕ್ ಹೋಗಿದ್ರೆ ಗಾಡಿ ವಾಪಸ್ ಕೊಡು ಅಂದ್ರು. ಕಾಯಿ ಅಲ್ಲ ಅಂತ ಗೊತ್ತಾದ್ರೆ ಇವರು ಬ್ರೇಕೇ ಹೋಗಿದೆ ಅಂತ ಮರುದಿನಾನೇ ಗಾಡಿ ಕೊಟ್ಟು ಬಂದುಬಿಡ್ತಿದ್ರು. ಎಬಿಎಸ್ ಅಂದ್ರೆ ಅವರಿಗೆ ನಂಬಿಕೆ ಇಲ್ಲ, ಕಾಯಿ ಅಂದ್ರೆ ಇದೆ. ಕಾಯಿ ಒಳಗಿರೋ ತನಕ ಗಾಡಿ ನಮ್ಮ ಮನೇಲಿರುತ್ತಲ್ಲ ಅಂತ ಬಾಯಿ ಮುಚ್ಕೊಂಡೆ."

ಹೊರಗೆ ಕೃಷ್ಣಪ್ರಸಾದರು ಮಂಡಿಯೂರಿ ಸ್ನೋ ಬಗೆಯುತ್ತಿದ್ದರು. ಅವಳು ಅವರನ್ನೇ ನೋಡುತ್ತಿದ್ದಳು. "ಚಳಿ ಆಗ್ತಿರುತ್ತೆ ಪಾಪ, ಗ್ಲೌಸ್ ಹಾಕ್ಕೊಂಡಿಲ್ಲ," ಎಂದು ತನ್ನದನ್ನು ತೆಗೆದುಕೊಂಡು ಇಳಿದು ಹೋದಳು.

ಸೋಮವಾರ ಶಾಲೆಗಳಿಗೆ ರಜೆ, ಆಫೀಸುಗಳೆಲ್ಲ ಮನೆಯಿಂದ. ನಾನು ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಕೃಷ್ಣಪ್ರಸಾದರ ಡ್ರೈವ್‌ವೇಯಲ್ಲಿ ಒಂದು ಚೂರು ಸ್ನೋ ಇಲ್ಲ. ಅಲ್ಲಿಂದ ಸ್ಟಾಪ್ ಸೈನಿನ ತನಕ ಎರಡು ಗಾಲಿ ಹೋಗುವಷ್ಟು ಜಾಡನ್ನು ಅವರೇ ಸಲಿಕೆಯಲ್ಲಿ ಬಗೆದು, ಉಪ್ಪು ಚೆಲ್ಲಿದ್ದರು. ಇಳಿಜಾರಿನ ತುದಿಯಲ್ಲಿ ಮಾತ್ರ ಅಡಿಯ ಐಸು ಇನ್ನೂ ಹೊಳೆಯುತ್ತಿತ್ತು. ಮೂಗು ಕೆಂಪಗಾಗಿತ್ತು, ಮೀಸೆಯ ಮೇಲೆ ಐಸು ಕೂತಿತ್ತು. ಕಾರಿನ ಮೇಲಿದ್ದ, ಪೂಜೆಯ ದಿನದ ಒಣಗಿದ ಹೂವನ್ನು ತೆಗೆದು ಹೊಸದೊಂದನ್ನು ಸಿಕ್ಕಿಸಿದ್ದರು. ಎಲ್ಲಿ ಸಿಕ್ಕಿತೋ.

ವರಲಕ್ಷ್ಮಿ ಲ್ಯಾಬಿನ ಬ್ಯಾಡ್ಜ್ ಹಾಕಿಕೊಂಡು, ಊಟದ ಡಬ್ಬ ಹಿಡಿದು ಬಂದು ಕಾರು ಹತ್ತಿದಳು. ವಜೀರ್, ಆಂಟಿ, ನಾನು ನಮ್ಮನಮ್ಮ ಬಾಗಿಲಲ್ಲಿ ನಿಂತಿದ್ದೆವು. ಕೃಷ್ಣಪ್ರಸಾದರು ಕಿಟಕಿಗೆ ಬಗ್ಗಿದರು.

"ನಡುಗಿದ್ರೆ?" ಎಂದರು ಮೆಲ್ಲಗೆ.

"ನಡುಗ್ಲಿ ರೀ."

"ಹೂಂ." ಪಕ್ಕದ ಕನ್ನಡಿಯ ಮೇಲಿದ್ದ ಸ್ನೋ ಒರೆಸಿದರು. "ಎತ್ತಬೇಡ ಮತ್ತೆ. ಒತ್ತಿ ಹಿಡ್ಕೋ."

ಕಾಯಿ ಬಿದ್ದುಹೋದ ಮೇಲೆ ನಡುಗುವುದಾದರೂ ಏಕೆ ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ವರಲಕ್ಷ್ಮಿಯೂ ಕೇಳಲಿಲ್ಲ. ಕೈ ಚಾಚಿ ಗಂಡನ ಮೀಸೆಯ ಐಸನ್ನು ಒರೆಸಿ ಕಿಟಕಿ ಏರಿಸಿದಳು.

ಕಾರು ಇಳಿಜಾರಿನಲ್ಲಿ ನಿಧಾನವಾಗಿ ಹೋಯಿತು. ಸ್ಟಾಪ್ ಸೈನಿನ ಹತ್ತಿರ ಅದರ ಹಿಂದಿನ ಕೆಂಪು ದೀಪ ಹತ್ತಿತು. ಗಡಗಡಗಡ. ಅಷ್ಟು ದೂರದಿಂದಲೂ ಕೇಳಿಸಿತು. ನಾನು ಕೃಷ್ಣಪ್ರಸಾದರ ಕಡೆ ನೋಡಿದೆ. ಅವರು ಡ್ರೈವ್‌ವೇಯ ತುದಿಯಲ್ಲಿ ನಿಂತು, ಬಲಗಾಲಿನ ಬೂಟನ್ನು ನೆಲಕ್ಕೆ ಒತ್ತಿ ಹಿಡಿದಿದ್ದರು. ಎತ್ತಲಿಲ್ಲ. ಆಚೆ ವಜೀರ್ ಕೂಡ ಒತ್ತಿ ನಿಂತಿದ್ದರು. ಆಂಟಿ ಊರುಗೋಲನ್ನು ಒತ್ತಿ ಹಿಡಿದಿದ್ದರು. ನನ್ನ ಬಲಗಾಲಿನ ಚಪ್ಪಲಿಯೂ ಹೊಸ್ತಿಲಿಗೆ ಒತ್ತಿಕೊಂಡಿದ್ದು ನನಗೆ ಆಗ ಗೊತ್ತಾಯಿತು.

ಕಾರು ನೆಟ್ಟಗೆ ನಿಂತಿತು. ಎಡಕ್ಕೆ ಸಿಗ್ನಲ್ ಹಾಕಿ, ಎರಡೂ ಕಡೆ ನೋಡಿ, ಜರ್ಮನ್‌ಟೌನ್ ರಸ್ತೆಗೆ ತಿರುಗಿ ಮರೆಯಾಯಿತು. ಆಮೇಲೆ ನಾವೆಲ್ಲ ಕಾಲು ಎತ್ತಿದೆವು.